ಮುಂಬಯಿ ಸೊಸೈಟಿಯ ಕಮಿಟಿಗೆ ಆಯ್ಕೆಯಾದಿರಾ? ಸಹಿ ಹಾಕುವ ಮೊದಲು ಇದನ್ನು ಓದಿ

ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬ್ಯಾಂಕಿನವರು, ಹೋಟೆಲಿನವರು, ಲೆಕ್ಕಪತ್ರ ಬಲ್ಲವರು ಬಹಳ. ಹೌಸಿಂಗ್ ಸೊಸೈಟಿಯ ಮಹಾಸಭೆಯಲ್ಲಿ ಟ್ರೆಷರರ್ ಆಗಲು ಯಾರೂ ಕೈ ಎತ್ತದಿದ್ದಾಗ ಎಲ್ಲರ ಕಣ್ಣು ಅವರ ಮೇಲೇ ಬೀಳುತ್ತದೆ. "ನೀವೇ ಆಗಿಬಿಡಿ ಸರ್, ಬರೀ ಸಹಿ ಹಾಕಿದರೆ ಸಾಕು" ಎನ್ನುತ್ತಾರೆ. ಅಪಾಯ ಇರುವುದು ಆ ಮಾತಿನ ಎರಡನೇ ಭಾಗದಲ್ಲಿ.

ಕಮಿಟಿ ಸದಸ್ಯತ್ವಕ್ಕೆ ಸಂಬಳ ಇಲ್ಲ, ಹೊಣೆ ಮಾತ್ರ ಪೂರ್ತಿ. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ ಕಲಂ 73ರ ಪ್ರಕಾರ, ಕಮಿಟಿ ತೆಗೆದುಕೊಂಡ ನಿರ್ಧಾರಗಳಿಗೆ ಸದಸ್ಯರೆಲ್ಲ ಒಟ್ಟಾಗಿಯೂ ಹೊಣೆ, ಒಬ್ಬೊಬ್ಬರಾಗಿಯೂ ಹೊಣೆ. 11 ಜನರ ಕಮಿಟಿಯಿಂದ 6 ಲಕ್ಷ ರೂಪಾಯಿ ನಷ್ಟವಾದರೆ ನಿಮ್ಮ ಪಾಲು 54 ಸಾವಿರ ಚಿಲ್ಲರೆ ಎಂದು ಭಾಗಿಸಿಕೊಂಡು ಕೂರುವಂತಿಲ್ಲ. ಉಳಿದವರು ಫ್ಲ್ಯಾಟು ಮಾರಿ ಊರು ಬಿಟ್ಟಿದ್ದರೆ ಅಷ್ಟನ್ನೂ ನಿಮ್ಮೊಬ್ಬರಿಂದಲೇ ಕೇಳಲು ದಾರಿ ಇದೆ. ಲೆಕ್ಕಪರಿಶೋಧನೆಯಲ್ಲೋ ಕಲಂ 83ರ ವಿಚಾರಣೆಯಲ್ಲೋ ಹಣ ದುರ್ಬಳಕೆ ಕಂಡುಬಂದರೆ, ಕಲಂ 88ರ ಅಡಿ ಅದನ್ನು ಬಡ್ಡಿ ಸಮೇತ ವಾಪಸು ಕಟ್ಟಿಸಲು ಸಹಕಾರ ಸಂಘಗಳ ಮೇಲ್ವಿಚಾರಣೆಯ ಸರ್ಕಾರಿ ಅಧಿಕಾರಿಯಾದ ರಿಜಿಸ್ಟ್ರಾರ್‌ಗೆ ಅಧಿಕಾರವಿದೆ.

ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಅನುಭವವನ್ನು ಇಲ್ಲಿಗೆ ತರಬೇಡಿ. ಅಲ್ಲಿ ಬಹುಪಾಲು ಕಟ್ಟಡಗಳು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಹೆಸರು ಹೇಳುತ್ತವೆ. ಇಲ್ಲಿಯದು ಸಹಕಾರ ಸಂಘ. ರಿಜಿಸ್ಟ್ರಾರ್, ಸಹಕಾರ ನ್ಯಾಯಾಲಯ, ಸರ್ಕಾರಿ ಪಟ್ಟಿಯ ಆಡಿಟರ್ ಎಲ್ಲ ಇರುವ ಬೇರೆಯದೇ ವ್ಯವಸ್ಥೆ.

ಮೊದಲು ಬೈಲಾ, ಅದೂ ನಿಮ್ಮದೇ ಬೈಲಾ

ಆಯ್ಕೆಯಾದ ದಿನವೇ ಸೆಕ್ರೆಟರಿಯಿಂದ ರಿಜಿಸ್ಟ್ರಾರ್ ಮೊಹರು ಇರುವ ಬೈಲಾ (ಸೊಸೈಟಿಯ ಒಳನಿಯಮಗಳು) ಪ್ರತಿ ಕೇಳಿ ಪಡೆಯಿರಿ. ಅಂತರ್ಜಾಲದಲ್ಲಿ ಸಿಗುವುದು ಮಾದರಿ ಬೈಲಾ. ನಿಮ್ಮ ಸೊಸೈಟಿ ಮಹಾಸಭೆಯಲ್ಲಿ ಅದನ್ನು ಒಪ್ಪಿ ನೋಂದಾಯಿಸಿಕೊಳ್ಳುವ ತನಕ ಅದು ನಿಮ್ಮದಲ್ಲ. 1980ರ ದಶಕದ ಬೈಲಾ ಇಟ್ಟುಕೊಂಡೇ 2014ರ ಮಾದರಿ ಬೈಲಾದ ಕಲಂ ಹೇಳಿ ನೋಟಿಸು ಕೊಡುವ ಕಮಿಟಿಗಳಿವೆ. ಅಂಥ ನೋಟಿಸು ಸಹಕಾರ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಜೊತೆಗೆ, ಹೌಸಿಂಗ್ ಸೊಸೈಟಿಗಳಿಗೆಂದೇ 2019ರಲ್ಲಿ ಕಾಯ್ದೆಗೆ ಸೇರಿಸಿದ 13-ಬಿ ಅಧ್ಯಾಯವನ್ನು ಓದಿ. ಅದರ ಕಲಮುಗಳು 154ಬಿ ಎಂದು ಶುರುವಾಗುತ್ತವೆ. ಕಾಯ್ದೆಗೂ ಬೈಲಾಗೂ ತಿಕ್ಕಾಟ ಬಂದರೆ ಗೆಲ್ಲುವುದು ಕಾಯ್ದೆ.

ಚಾರ್ಜ್ ತೆಗೆದುಕೊಳ್ಳುವುದು

ಹೊಸ ಕಮಿಟಿಗಳು ಹೆಚ್ಚಾಗಿ ಎಡವುವುದು ಇಲ್ಲಿ. "ಎಲ್ಲ ದಾಖಲೆಗಳನ್ನೂ ಸ್ವೀಕರಿಸಿದ್ದೇವೆ" ಎಂಬ ಒಂದು ಸಾಲಿನ ಕಾಗದಕ್ಕೆ ಸಹಿ ಹಾಕಿಬಿಡುತ್ತಾರೆ. ಎರಡು ವರ್ಷ ಕಳೆದು ಆಡಿಟರ್ ಒಂದು ಎಫ್‌ಡಿ ರಸೀದಿ ಕೇಳಿದಾಗ ಅದು ಎಲ್ಲೂ ಇರುವುದಿಲ್ಲ. ಕಾಗದದ ಪ್ರಕಾರ ಅದನ್ನು ಪಡೆದವರು ನೀವೇ.

ಹಾಗಾಗಿ ಪಟ್ಟಿ ಮಾಡಿ, ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ, ಗುರುತು ಹಾಕಿ:

1. ಹಣ: ಕೈಯಲ್ಲಿರುವ ನಗದನ್ನು ಎಣಿಸಿ. ಪ್ರತಿ ಖಾತೆಗೂ ಬ್ಯಾಂಕಿನಿಂದ ಬಾಕಿ ದೃಢೀಕರಣ ಪತ್ರ ತರಿಸಿ. ಎಫ್‌ಡಿಗಳ ಮೂಲ ರಸೀದಿಗಳನ್ನು ಬ್ಯಾಲೆನ್ಸ್ ಶೀಟಿನ ಅಂಕಿಗೆ ತಾಳೆ ನೋಡಿ. ಉಳಿದ ಚೆಕ್ ಹಾಳೆಗಳ ಸಂಖ್ಯೆ ಬರೆದುಕೊಳ್ಳಿ.
2. ಆಸ್ತಿ: ನೋಂದಣಿ ಪ್ರಮಾಣಪತ್ರ, ಕನ್ವೇಯನ್ಸ್ ಡೀಡ್ (ಜಾಗವನ್ನೂ ಕಟ್ಟಡವನ್ನೂ ಸೊಸೈಟಿಯ ಹೆಸರಿಗೆ ಮಾಡಿದ ಪತ್ರ), ಪ್ರಾಪರ್ಟಿ ಕಾರ್ಡ್, ಮಂಜೂರಾದ ನಕ್ಷೆ, ಓಸಿ (ವಾಸಯೋಗ್ಯ ಪ್ರಮಾಣಪತ್ರ), ವಿಮೆ, ಲಿಫ್ಟಿನ ಕಾಗದಗಳು.
3. ಸದಸ್ಯರು: ಐ ಮತ್ತು ಜೆ ನಮೂನೆಯ ರಿಜಿಸ್ಟರುಗಳು (ಸದಸ್ಯರ ವಿವರ ಮತ್ತು ಹೆಸರುಪಟ್ಟಿ), ಷೇರು ಮತ್ತು ನಾಮಿನೇಶನ್ ರಿಜಿಸ್ಟರು, ಗೃಹಸಾಲದ ಅಡಮಾನ ದಾಖಲಾದ ಪುಸ್ತಕ, ಬಳಸದ ಷೇರು ಸರ್ಟಿಫಿಕೇಟುಗಳು, ಸೊಸೈಟಿಯ ಮೊಹರು.
4. ಹಿಂದಿನ ಆಡಿಟ್ ವರದಿಗಳು, ಅವಕ್ಕೆ ಉತ್ತರವಾಗಿ ಸಲ್ಲಿಸಿದ ಓ ನಮೂನೆಗಳು, ಕೋರ್ಟಿನಲ್ಲಿರುವ ಪ್ರಕರಣಗಳ ಕಡತ.
5. ನೆಟ್ ಬ್ಯಾಂಕಿಂಗ್, ಇಮೇಲ್, ಬಿಲ್ಲಿಂಗ್ ತಂತ್ರಾಂಶ, ಸಿಸಿಟಿವಿಯ ಪಾಸ್‌ವರ್ಡುಗಳು. ಪಡೆದ ಗಳಿಗೆಯಲ್ಲೇ ಬದಲಾಯಿಸಿ.

ಪಟ್ಟಿಯ ಕೊನೆಯಲ್ಲಿ "ಸಿಗದಿರುವ ದಾಖಲೆಗಳು" ಎಂಬ ಶೀರ್ಷಿಕೆ ಹಾಕಿ, ಇಲ್ಲದ್ದನ್ನೆಲ್ಲ ಬರೆದು, ಎರಡೂ ಕಡೆಯವರ ಸಹಿ ಮಾಡಿಸಿ. ನಿಮ್ಮನ್ನು ಮುಂದೆ ಕಾಯುವುದು ಆ ಭಾಗವೇ. ಹಳೆಯ ಕಮಿಟಿ ದಾಖಲೆ ಕೊಡದೆ ಸತಾಯಿಸಿದರೆ ಕಾರಿಡಾರಿನಲ್ಲಿ ಜಗಳವಾಡಿ ಫಲವಿಲ್ಲ. ಲಿಖಿತವಾಗಿ ಕೇಳಿ, ಆಗಲೂ ಕೊಡದಿದ್ದರೆ ಕಲಂ 80ರ ಅಡಿ ದಾಖಲೆ ವಶಪಡಿಸಿ ಕೊಡುವಂತೆ ವಾರ್ಡಿನ ಡೆಪ್ಯುಟಿ ರಿಜಿಸ್ಟ್ರಾರ್‌ಗೆ ಅರ್ಜಿ ಹಾಕಿ.

ಮಿನಿಟ್ಸ್ ಪುಸ್ತಕದಲ್ಲಿ ನಿಮ್ಮ ಮೌನಕ್ಕೂ ಅರ್ಥವಿದೆ

ಕಮಿಟಿ ತಿಂಗಳಿಗೊಮ್ಮೆಯಾದರೂ ಸೇರಬೇಕು, ಮೂರು ಪೂರ್ಣ ದಿನಗಳ ನೋಟಿಸು ಇರಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ಏಳು ಜನ ಹೆಬ್ಬೆಟ್ಟು ತೋರಿಸಿದ ಮಾತ್ರಕ್ಕೆ ಅದು ಠರಾವಾಗುವುದಿಲ್ಲ. ಪಂಪು ಸುಟ್ಟುಹೋಗಿ ತುರ್ತಾಗಿ ಖರ್ಚು ಮಾಡಬೇಕಾದರೆ ಮಾಡಿ. ಮುಂದಿನ ಸಭೆಯಲ್ಲೇ ಬಿಲ್ಲು, ಕಾರಣ ಎರಡನ್ನೂ ದಾಖಲಿಸಿ ಒಪ್ಪಿಗೆ ಪಡೆಯಿರಿ.

ತಪ್ಪು ಎನಿಸಿದ ನಿರ್ಧಾರಕ್ಕೆ ಸಭೆಯಲ್ಲಿ ಬಾಯಲ್ಲಿ ವಿರೋಧಿಸಿ, ಹೊರಗೆ ಬಂದು ಗೊಣಗಿದರೆ ಕಾನೂನಿನ ಕಣ್ಣಿಗೆ ನೀವು ಒಪ್ಪಿದಂತೆ. ವಿರೋಧ ಪುಸ್ತಕದಲ್ಲಿ ಇರಬೇಕು. ಭಾಷೆ ಚಂದವಿರಬೇಕಿಲ್ಲ, ಕಾರಣ ಇರಬೇಕು: "ಮೂರು ಕೊಟೇಶನ್ ಪಡೆಯದೆ ಈ ಗುತ್ತಿಗೆ ಕೊಡುವುದಕ್ಕೆ ನನ್ನ ವಿರೋಧವಿದೆ" ಎಂದು ನಿಮ್ಮ ಹೆಸರಿನೊಂದಿಗೆ ಬರೆಸಿ. ಸೆಕ್ರೆಟರಿ ಬರೆಯಲು ಒಪ್ಪದಿದ್ದರೆ ಅದೇ ದಿನ ಸೊಸೈಟಿಯ ಇಮೇಲಿಗೆ ಅದನ್ನೇ ಬರೆದು ಕಳಿಸಿ, ಮುಂದಿನ ಸಭೆಯಲ್ಲಿ ಮಿನಿಟ್ಸ್ ಓದಿದಾಗ ತಿದ್ದುಪಡಿ ಕೇಳಿ. ಸಭೆಗೆ ಹೋಗದಿದ್ದರೆ ಹೊಣೆ ತಪ್ಪೀತು ಎಂಬ ಜಾಣತನ ನಡೆಯುವುದಿಲ್ಲ. ಗೈರಾದ ಸಭೆಯ ಮಿನಿಟ್ಸನ್ನು ಮುಂದಿನ ಸಲ ಸುಮ್ಮನೆ ದೃಢೀಕರಿಸಿದರೆ ನೀವೂ ಒಳಗೆ ಬಂದಂತೆಯೇ. ಅನುಮತಿ ಇಲ್ಲದೆ ಸತತ ಮೂರು ಮಾಸಿಕ ಸಭೆಗೆ ಗೈರಾದರೆ ಮಾದರಿ ಬೈಲಾದಂತೆ ಸ್ಥಾನವೂ ಹೋಗುತ್ತದೆ.

ಯಾರಿಂದ ಎಷ್ಟು ವಸೂಲಿ

ಮೇಂಟೆನೆನ್ಸ್ ಬಿಲ್ಲಿನ ಪ್ರತಿ ಸಾಲಿಗೂ ಬೇರೆ ಬೇರೆ ನಿಯಮ ಇದೆ. ಸರ್ವಿಸ್ ಚಾರ್ಜ್ (ವಾಚ್‌ಮನ್, ಸಫಾಯಿ, ಕಚೇರಿ, ಹೊರಗಿನ ದೀಪ, ಆಡಿಟ್ ಫೀಸು) ಎಲ್ಲ ಫ್ಲ್ಯಾಟಿಗೂ ಸಮಪಾಲು. ಲಿಫ್ಟಿನ ಖರ್ಚೂ ಸಮಪಾಲು, ನೆಲಮಹಡಿಯವರೂ ಕೊಡಬೇಕು. ನೀರು ನಲ್ಲಿಗಳ ಸಂಖ್ಯೆ ಮತ್ತು ಗಾತ್ರದ ಮೇಲೆ. ಆಸ್ತಿ ತೆರಿಗೆ ಪಾಲಿಕೆ ಹಾಕಿದಂತೆ. "ದೊಡ್ಡ ಫ್ಲ್ಯಾಟಿನವರು ಹೆಚ್ಚು ಕೊಡಲಿ" ಎಂದು ಚದರಡಿ ಲೆಕ್ಕದಲ್ಲಿ ಸರ್ವಿಸ್ ಚಾರ್ಜ್ ಹಾಕುವ ಠರಾವು ಬಹುಮತದಿಂದ ಪಾಸಾಗುತ್ತದೆ, ಕೋರ್ಟಿನಲ್ಲಿ ಬೀಳುತ್ತದೆ. ಬಹುಮತ ಬೈಲಾಗಿಂತ ದೊಡ್ಡದಲ್ಲ.

ಸಿಂಕಿಂಗ್ ಫಂಡ್ ವರ್ಷಕ್ಕೆ ಕನಿಷ್ಠ ಶೇ 0.25, ರಿಪೇರಿ ಫಂಡ್ ಕನಿಷ್ಠ ಶೇ 0.75. ಎರಡನ್ನೂ ಲೆಕ್ಕ ಹಾಕಬೇಕಾದದ್ದು ಫ್ಲ್ಯಾಟಿನ ನಿರ್ಮಾಣ ವೆಚ್ಚದ ಮೇಲೆ. ಕೊಂಡ ಬೆಲೆಯ ಮೇಲಲ್ಲ, ಏಕೆಂದರೆ ಅದರಲ್ಲಿ ಜಾಗದ ಬೆಲೆ ಸೇರಿರುತ್ತದೆ. ಫ್ಲ್ಯಾಟಿನ ನಿರ್ಮಾಣ ವೆಚ್ಚ 12 ಲಕ್ಷ ಎಂದರೆ ಸಿಂಕಿಂಗ್ ಫಂಡ್ ವರ್ಷಕ್ಕೆ 3,000, ತಿಂಗಳಿಗೆ 250. ರಿಪೇರಿ ಫಂಡ್ ವರ್ಷಕ್ಕೆ 9,000, ತಿಂಗಳಿಗೆ 750. ಸಿಂಕಿಂಗ್ ಫಂಡ್ ಕಟ್ಟಡದ ಮುಪ್ಪಿಗೆಂದು ಕೂಡಿಟ್ಟದ್ದು. ಮರುನಿರ್ಮಾಣ, ಆರ್ಕಿಟೆಕ್ಟ್ ಪ್ರಮಾಣೀಕರಿಸಿದ ಭಾರೀ ರಿಪೇರಿ ಮುಂತಾದವಕ್ಕೆ, ಮಹಾಸಭೆಯ ಠರಾವಿನ ಮೇಲೆ ಮಾತ್ರ ಅದನ್ನು ಮುಟ್ಟಬಹುದು. ವಾಚ್‌ಮನ್ನರ ಸಂಬಳಕ್ಕೆ "ಎರಡು ತಿಂಗಳ ಮಟ್ಟಿಗೆ" ಎಂದು ತೆಗೆದ ಹಣ ಸಾಮಾನ್ಯವಾಗಿ ವಾಪಸು ಬರುವುದಿಲ್ಲ.

ಫ್ಲ್ಯಾಟು ಬಾಡಿಗೆಗೆ ಕೊಟ್ಟವರಿಂದ ನಾನ್ ಆಕ್ಯುಪೆನ್ಸಿ ಚಾರ್ಜ್ ಸರ್ವಿಸ್ ಚಾರ್ಜಿನ ಶೇ 10 ಮೀರುವಂತಿಲ್ಲ. ಸರ್ವಿಸ್ ಚಾರ್ಜ್ 2,500 ರೂಪಾಯಿ ಇದ್ದರೆ 250, ಅಷ್ಟೇ. ಮಾಲೀಕರ ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು ಅಲ್ಲಿದ್ದರೆ ಅದನ್ನೂ ಹಾಕುವಂತಿಲ್ಲ. ಫ್ಲ್ಯಾಟು ಮಾರಾಟವಾದಾಗ ವರ್ಗಾವಣೆ ಶುಲ್ಕ 500, ಅದರ ಮೇಲೆ ಸೊಸೈಟಿ ಪಡೆಯಬಹುದಾದ ವರ್ಗಾವಣೆ ಪ್ರೀಮಿಯಂ ಗರಿಷ್ಠ 25,000. "ಬಿಲ್ಡಿಂಗ್ ಫಂಡಿಗೆ ಸ್ವಇಚ್ಛೆಯ ದೇಣಿಗೆ" ಎಂದು ಎರಡು ಲಕ್ಷ ಕೇಳುವುದು ಹೆಸರು ಬದಲಿಸಿದ ವಸೂಲಿ. ಕೊಟ್ಟವರು ಮರುವರ್ಷ ವಾಪಸು ಕೇಳಿ ನೋಟಿಸು ಕಳಿಸಿದಾಗ ಉತ್ತರ ಕೊಡಬೇಕಾದವರು ಕಮಿಟಿಯವರು.

ಬಾಕಿ ಉಳಿಸಿಕೊಂಡವರ ವಿಷಯದಲ್ಲಿ ಕೋಪಕ್ಕೆ ಕೈ ಕೊಡಬೇಡಿ. ನೀರು ಕಟ್ಟು ಮಾಡುವುದು, ಲಿಫ್ಟ್ ನಿಲ್ಲಿಸುವುದು, ಗೇಟಿನಲ್ಲಿ ಅತಿಥಿಗಳನ್ನು ತಡೆಯುವುದು ಕಾನೂನಿನ ದಾರಿಯಲ್ಲ. ಬಾಕಿದಾರನೇ ದೂರುದಾರನಾಗಿ ಬಿಡುತ್ತಾನೆ. ಸರಿಯಾದ ದಾರಿ ಹೀಗೆ: ತಿಂಗಳ ಬಿಲ್ಲುಗಳು ಸರಿಯಾಗಿ ಮುಟ್ಟಿದ್ದಕ್ಕೆ ಆಧಾರ ಇಡಿ. ಬಾಕಿಯ ವಿವರದೊಡನೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಡಿಮ್ಯಾಂಡ್ ನೋಟಿಸು ಕಳಿಸಿ. ಬಡ್ಡಿ ನಿಮ್ಮ ಬೈಲಾದ ದರದಲ್ಲಿ, ಸರಳ ಬಡ್ಡಿಯಾಗಿಯೇ ಇರಲಿ. 2014ರ ಮಾದರಿ ಬೈಲಾದಲ್ಲಿ ಗರಿಷ್ಠ ಶೇ 21. ಚಕ್ರಬಡ್ಡಿ ಹಾಕಿದ ಲೆಕ್ಕ ತಿರಸ್ಕಾರಕ್ಕೆ ನೀವೇ ಕೊಟ್ಟ ನೆಪವಾಗುತ್ತದೆ. ಆಮೇಲೆ ಕಮಿಟಿಯಲ್ಲಿ ಠರಾವು ಮಾಡಿ, ಕಲಂ 154ಬಿ-29ರ ಅಡಿ ರಿಜಿಸ್ಟ್ರಾರ್ ಮುಂದೆ ಅರ್ಜಿ. ಸಿಕ್ಕ ವಸೂಲಿ ಪ್ರಮಾಣಪತ್ರಕ್ಕೆ ಭೂಕಂದಾಯದ ಬಾಕಿಯಷ್ಟೇ ಬಲ. ಇನ್ನೊಂದು ಮಾತು: ಡಿಮ್ಯಾಂಡ್ ನೋಟಿಸು ಮುಟ್ಟಿ ಮೂರು ತಿಂಗಳಾದರೂ ಕಮಿಟಿ ಸದಸ್ಯನೇ ಬಾಕಿ ಕಟ್ಟದಿದ್ದರೆ ಅವನು ಕಮಿಟಿಯಲ್ಲಿ ಇರಲು ಅನರ್ಹ. ಚೇರ್ಮನ್ನರ ಬಾಕಿಗೆ ನೋಟಿಸು ಕಳಿಸದೆ ಬಿಟ್ಟ ಸೆಕ್ರೆಟರಿ ಉಳಿದವರಿಗೆ ಕಳಿಸಿದ್ದು ಯಾವ ನ್ಯಾಯ?

ಠೇವಣಿ ಎಲ್ಲಿಡಬೇಕು

ಸೊಸೈಟಿಯ ನಿಧಿಯನ್ನು ಎಲ್ಲಿ ಹೂಡಬಹುದು ಎಂಬುದನ್ನು ಕಲಂ 70 ಹೇಳುತ್ತದೆ. ಆಡಿಟರ್ ಜೊತೆ ಕೂತು ಆ ಪಟ್ಟಿಗೆ ನಿಮ್ಮ ಠೇವಣಿಗಳನ್ನು ಹೊಂದಿಸಿ ನೋಡಿ. ಅರ್ಧ ಶೇಕಡಾ ಹೆಚ್ಚು ಬಡ್ಡಿಗಾಗಿ ಇದ್ದದ್ದನ್ನೆಲ್ಲ ಒಂದೇ ಬ್ಯಾಂಕಿನಲ್ಲಿಡುವ ಚಾಳಿ ಮುಂಬಯಿಗೆ ದುಬಾರಿಯಾಗಿದೆ. 2019ರ ಸೆಪ್ಟೆಂಬರಿನಲ್ಲಿ ಪಂಜಾಬ್ ಆ್ಯಂಡ್ ಮಹಾರಾಷ್ಟ್ರ ಕೋಆಪರೇಟಿವ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಎಷ್ಟೋ ಹೌಸಿಂಗ್ ಸೊಸೈಟಿಗಳ ಹಣ ಸಿಕ್ಕಿಹಾಕಿಕೊಂಡಿತು. 2022ರ ಜನವರಿಯಲ್ಲಿ ಆ ಬ್ಯಾಂಕು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾದಾಗ, ಸಂಸ್ಥೆಗಳ ವಿಮೆಯಿಲ್ಲದ ಠೇವಣಿಯ ಶೇ 80 ಭಾಗ ವರ್ಷಕ್ಕೆ ಶೇ 1 ಲಾಭಾಂಶದ ಪ್ರಿಫರೆನ್ಸ್ ಷೇರುಗಳಾಯಿತು. ಠೇವಣಿ ವಿಮೆ ಇರುವುದು ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ 5 ಲಕ್ಷದ ತನಕ. ಇಡೀ ಸೊಸೈಟಿ ಒಬ್ಬ ಠೇವಣಿದಾರ. ನೂರು ಮನೆಯವರ ಹಣ ಅಲ್ಲವೇ, ನೂರು ಸಲ 5 ಲಕ್ಷ ಸಿಗುತ್ತದೆ ಎಂದುಕೊಳ್ಳಬೇಡಿ.

ನಿಮ್ಮ ಭಾವಮೈದುನನ ಪೇಂಟಿಂಗ್ ಕಂಪನಿ

ಸೊಸೈಟಿಯ ಜೊತೆಗಿನ ಗುತ್ತಿಗೆಯಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಹಿತಾಸಕ್ತಿ ಇರುವವರು ಕಮಿಟಿಯಲ್ಲಿ ಇರುವಂತಿಲ್ಲ ಎಂದು ಬೈಲಾ ಹೇಳುತ್ತದೆ. ನಿಮ್ಮ ಸ್ವಂತ ಗುತ್ತಿಗೆ ಎಂದಾದರೆ ಪ್ರಶ್ನೆಯೇ ಇಲ್ಲ, ಎರಡರಲ್ಲಿ ಒಂದನ್ನು ಬಿಡಿ. ನೆಂಟರು, ಪಾಲುದಾರರು, ಹಳೆಯ ಗೆಳೆಯರು ಕೊಟೇಶನ್ ಹಾಕಿದ್ದರೆ ಲಕೋಟೆ ಒಡೆಯುವ ಮುಂಚೆಯೇ ಸಂಬಂಧ ಏನೆಂದು ಹೇಳಿ, ಮಿನಿಟ್ಸಿನಲ್ಲಿ ಬರೆಸಿ, ಆ ವಿಷಯ ಮುಗಿಯುವ ತನಕ ಸಭೆಯಿಂದ ಎದ್ದು ಹೋಗಿ. "ನಮ್ಮವನಾದ್ದರಿಂದ ಕಡಿಮೆಗೆ ಮಾಡಿಕೊಡುತ್ತಾನೆ" ಎಂಬುದು ನಿಜವೇ ಇರಬಹುದು. ಆದರೆ ಪ್ಲಾಸ್ಟರು ಉದುರಿದ ದಿನ ಅವನ ಬಿಲ್ಲು ತಡೆಹಿಡಿಯಲು ನಿಮ್ಮ ಕೈ ಏಳುವುದಿಲ್ಲ.

ಮಹಾಸಭೆಯನ್ನು ಕೇಳದೆ ಕಮಿಟಿ ರಿಪೇರಿಗೆ ಎಷ್ಟು ಖರ್ಚು ಮಾಡಬಹುದು ಎಂಬ ಮಿತಿ ಸದಸ್ಯರ ಸಂಖ್ಯೆಗೆ ತಕ್ಕಂತೆ ಬೈಲಾದಲ್ಲಿದೆ. ಆ ಮಿತಿ ತಪ್ಪಿಸಲು ಒಂದು ವಾಟರ್‌ಪ್ರೂಫಿಂಗ್ ಕೆಲಸವನ್ನು "ಎ ವಿಂಗ್ ಟೆರೇಸು", "ಬಿ ವಿಂಗ್ ಟೆರೇಸು", "ಟ್ಯಾಂಕಿನ ಸುತ್ತ" ಎಂದು ಮೂರು ಬಿಲ್ಲು ಮಾಡಿಸುವುದು ಹಳೆಯ ಉಪಾಯ. ಒಂದೇ ಕಂಟ್ರಾಕ್ಟರು, ಹತ್ತಿರ ಹತ್ತಿರದ ತಾರೀಖು, ಮಿತಿಗಿಂತ ತುಸು ಕಡಿಮೆ ಮೊತ್ತ ಕಂಡ ಕೂಡಲೇ ಅನುಭವಿ ಆಡಿಟರ್ ಪೆನ್ನು ಎತ್ತುತ್ತಾರೆ. ಕಾನೂನಿಗೆ ಸಿಕ್ಕದ ಸಣ್ಣ ಲಂಚಗಳೂ ಇವೆ: ಸೊಸೈಟಿಗೆ ಬಣ್ಣ ಬಳಿಯುವವನು ಚೇರ್ಮನ್ನರ ಅಡುಗೆಮನೆಗೂ "ಹಾಗೇ" ಬಳಿದುಕೊಡುವುದು, ಸೆಕ್ರೆಟರಿಯ ಕಾರಿಗೆ ಮಳೆಯಿಲ್ಲದ ಜಾಗ. ಇವನ್ನು ಯಾವ ಕಲಮೂ ಹೆಸರಿಟ್ಟು ಹೇಳುವುದಿಲ್ಲ, ಆದರೆ ಕಮಿಟಿಯ ಮಾತಿಗೆ ಬೆಲೆ ಹೋಗುವುದು ಇಲ್ಲಿಂದಲೇ.

ಯಾರು ಮನೆ ಕೊಳ್ಳಬಹುದು ಎಂಬುದು ನಿಮ್ಮ ತೀರ್ಮಾನವಲ್ಲ

ಸದಸ್ಯತ್ವದ ಅರ್ಜಿಗೆ ಮೂರು ತಿಂಗಳೊಳಗೆ ತೀರ್ಮಾನ ತಿಳಿಸಬೇಕು. ನಿರಾಕರಿಸಿದರೆ ಕಾರಣ ಕೊಡಬೇಕು. ಸುಮ್ಮನೆ ಕೂತರೆ ಸದಸ್ಯತ್ವ ಕೊಟ್ಟಂತೆ ಎಂದೇ ಕಾಯ್ದೆ ಭಾವಿಸುತ್ತದೆ. ಕೊಳ್ಳುವವರ ಜಾತಿ, ಧರ್ಮ, ಊಟ, ಮದುವೆ ಆಗಿದೆಯೇ ಇಲ್ಲವೇ ಎಂಬುದು ಕಾರಣಗಳಲ್ಲ. ಪಾರ್ಸಿ ಸೊಸೈಟಿಯ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು ಸಮುದಾಯದ ನಿರ್ಬಂಧವನ್ನು ಎತ್ತಿಹಿಡಿದದ್ದನ್ನು ಕೆಲವರು ಉದಾಹರಿಸುತ್ತಾರೆ. ಅದು ಗುಜರಾತಿನ ಕಾಯ್ದೆಯಡಿ ನೋಂದಾಯಿತ ಬೈಲಾದಲ್ಲೇ ಬರೆದಿದ್ದ ನಿರ್ಬಂಧ. ಬೈಲಾದಲ್ಲಿ ಇಲ್ಲದ್ದನ್ನು ಮಂಗಳವಾರದ ಮೀಟಿಂಗಿನಲ್ಲಿ ಕಮಿಟಿ ಹುಟ್ಟಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮಾದರಿ ಬೈಲಾದಂತೆ ಫ್ಲ್ಯಾಟು ಮಾರಲು ಸೊಸೈಟಿಯ ಎನ್‌ಓಸಿಯೂ ಬೇಕಿಲ್ಲ.

ಸದಸ್ಯರು ತೀರಿಕೊಂಡಾಗ ನಾಮಿನಿಯೇ ಮಾಲೀಕ ಎಂದು ಹೆಸರು ಬರೆದುಬಿಡುವುದು ಇನ್ನೊಂದು ತಪ್ಪು. 154ಬಿ-13ರ ಪ್ರಕಾರ ನಾಮಿನಿಗೆ ಸಿಗುವುದು ತಾತ್ಕಾಲಿಕ ಸದಸ್ಯತ್ವ. ಉಯಿಲು, ವಾರಸು ಪ್ರಮಾಣಪತ್ರ, ಕುಟುಂಬದ ಒಪ್ಪಂದ ಇವುಗಳ ಆಧಾರದ ಮೇಲೆ ವಾರಸುದಾರರು ಯಾರೆಂದು ಇತ್ಯರ್ಥವಾದ ಮೇಲೆ ಪೂರ್ಣ ಸದಸ್ಯತ್ವ. ಅಣ್ಣತಮ್ಮಂದಿರ ಜಗಳದಲ್ಲಿ ಕಮಿಟಿ ಪಂಚಾಯಿತಿಗೆ ಕೂರಬಾರದು.

ಕಟ್ಟಡ ಮತ್ತು ಅದರಲ್ಲಿ ದುಡಿಯುವವರು

15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಗಟ್ಟಿತನದ ತಪಾಸಣೆ). ವರದಿಯಲ್ಲಿ ತುರ್ತು ಎಂದಿದ್ದನ್ನು ಕಪಾಟಿನಲ್ಲಿಟ್ಟರೆ, ಬಾಲ್ಕನಿ ಕುಸಿದ ದಿನ ಅದೇ ಕಾಗದ ನಿಮ್ಮ ವಿರುದ್ಧ ಸಾಕ್ಷಿ. ಅಗ್ನಿಶಾಮಕ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬ ಬಿ ನಮೂನೆಯನ್ನು ಲೈಸೆನ್ಸ್ ಇರುವ ಏಜೆನ್ಸಿಯಿಂದ ಪಡೆದು ಜನವರಿ ಮತ್ತು ಜುಲೈನಲ್ಲಿ ಸಲ್ಲಿಸಬೇಕು.

ಸೆಪ್ಟಿಕ್ ಟ್ಯಾಂಕಿಗೋ ಚೇಂಬರಿಗೋ ಮನುಷ್ಯರನ್ನು ಇಳಿಸಬೇಡಿ. ರಕ್ಷಣಾ ಸಲಕರಣೆಯಿಲ್ಲದೆ ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ನಿಷೇಧಿಸಿದೆ. ಹಾಗೆ ಇಳಿಸಿದ್ದಕ್ಕೆ ಜೈಲು ಶಿಕ್ಷೆಯೂ ಇದೆ. ಸಾವು ಸಂಭವಿಸಿದರೆ 30 ಲಕ್ಷ ಪರಿಹಾರ ಕೊಡಬೇಕು ಎಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. "ಕಂಟ್ರಾಕ್ಟರ್ ಕಳಿಸಿದ್ದು, ನಮಗೆ ಗೊತ್ತಿಲ್ಲ" ಎಂಬ ಮಾತು ಪೊಲೀಸ್ ಠಾಣೆಯ ಮೆಟ್ಟಿಲು ದಾಟುವುದಿಲ್ಲ. ಸಕ್ಷನ್ ಯಂತ್ರದ ಗಾಡಿ ಮಾತ್ರ ಎಂದು ವರ್ಕ್ ಆರ್ಡರಿನಲ್ಲೇ ಬರೆಯಿರಿ, ಕೆಲಸದ ಹೊತ್ತಿಗೆ ಕಮಿಟಿಯ ಒಬ್ಬರು ಸ್ಥಳದಲ್ಲಿರಿ.

ರಿಡೆವಲಪ್‌ಮೆಂಟ್

ಹಳೆಯ ಕಟ್ಟಡ ಕೆಡವಿ ಡೆವಲಪರ್ ಮೂಲಕ ಹೊಸದು ಕಟ್ಟಿಸುವ ಈ ಕೆಲಸದಲ್ಲಿ ಹಣವೂ ದೊಡ್ಡದು, ಆಮಿಷವೂ ದೊಡ್ಡದು. ಕಲಂ 79ಎ ಅಡಿ 2019ರ ಜುಲೈ 4ರಂದು ಸರ್ಕಾರ ಹೊರಡಿಸಿದ ನಿರ್ದೇಶನ ಮೇಜಿನ ಮೇಲಿರಲಿ. ವಿಶೇಷ ಮಹಾಸಭೆಗೆ ಮೂರನೇ ಎರಡರಷ್ಟು ಸದಸ್ಯರ ಕೋರಂ, ಡೆವಲಪರ್ ಆಯ್ಕೆಯ ಸಭೆಯಲ್ಲಿ ರಿಜಿಸ್ಟ್ರಾರ್ ಪ್ರತಿನಿಧಿಯ ಹಾಜರಿ, ವಿಡಿಯೋ ಚಿತ್ರೀಕರಣ, ಯೋಜನಾ ವೆಚ್ಚದ ಶೇ 20ರಷ್ಟು ಬ್ಯಾಂಕ್ ಗ್ಯಾರಂಟಿ, ಹೊಸ ಮನೆಯ ಅಳತೆ ಕಾರ್ಪೆಟ್ ಏರಿಯಾದಲ್ಲಿ. ಕಮಿಟಿ ಸದಸ್ಯರಾಗಲಿ ಅವರ ಬಂಧುಗಳಾಗಲಿ ಡೆವಲಪರ್ ಆಗುವಂತಿಲ್ಲ. ಇದರ ಪ್ರತಿ ಅಂಶವೂ ಕಡ್ಡಾಯವಲ್ಲ ಎಂದು ಬಾಂಬೆ ಹೈಕೋರ್ಟು ಹೇಳಿದ್ದಿದೆ. ಅದನ್ನು ಹಿಡಿದುಕೊಂಡು ಅಡ್ಡದಾರಿ ಹುಡುಕುವ ಕಮಿಟಿ ವರ್ಷಗಟ್ಟಲೆ ವ್ಯಾಜ್ಯಕ್ಕೆ ಬಾಗಿಲು ತೆರೆದಂತೆ.

ಡೆವಲಪರ್ ಜೊತೆ ಒಬ್ಬೊಬ್ಬರೇ ಹೋಟೆಲಿನಲ್ಲಿ ಕೂತು ಮಾತಾಡಬೇಡಿ. ಕನಿಷ್ಠ ಮೂವರು, ಸೊಸೈಟಿಯ ಆಫೀಸಿನಲ್ಲಿ, ಮಾತಿನ ಟಿಪ್ಪಣಿ ಬರೆದಿಟ್ಟು. ಕಮಿಟಿಯವರಿಗೆ ಹೆಚ್ಚುವರಿ ಚದರಡಿ ಅಥವಾ ಪಾರ್ಕಿಂಗ್ ಎಂಬ ಮಾತು ಬಂದರೆ ಅದನ್ನು ಆ ಟಿಪ್ಪಣಿಯಲ್ಲೇ ಬರೆದು ಸದಸ್ಯರ ಮುಂದಿಡಿ. ಕರಡು ಒಪ್ಪಂದವನ್ನು ಸಹಿಗೆ ಮೊದಲು ಎಲ್ಲರಿಗೂ ಕೊಡಿ. ಅಗತ್ಯ ಮಂಜೂರಾತಿಗಳೆಲ್ಲ ಬಂದು, ಹೊಸ ಮನೆ ಸಿಗುವ ತನಕದ ಬಾಡಿಗೆಯ ಹಣ ಭದ್ರವಾಗುವ ತನಕ ಯಾರ ಮನೆಯ ಕೀಲಿಯೂ ಡೆವಲಪರ್ ಕೈ ಸೇರಬಾರದು. ಕನ್ವೇಯನ್ಸ್ ಇನ್ನೂ ಆಗಿಲ್ಲದಿದ್ದರೆ ಮೊದಲು ಡೀಮ್ಡ್ ಕನ್ವೇಯನ್ಸ್ (ಬಿಲ್ಡರ್ ಮಾಡಿಕೊಡದಿದ್ದರೂ ಜಾಗವನ್ನು ಸೊಸೈಟಿಯ ಹೆಸರಿಗೆ ಮಾಡಿಸುವ ದಾರಿ) ಅರ್ಜಿ ಹಾಕಿ. ಜಾಗವೇ ಸೊಸೈಟಿಯ ಹೆಸರಿನಲ್ಲಿ ಇಲ್ಲದೆ ಮಾತುಕತೆಗೆ ಕೂರುವುದು ಬರಿಗೈಯಲ್ಲಿ ಕೂತಂತೆ.

ತಾರೀಖುಗಳು

ಮಾರ್ಚ್ 31ಕ್ಕೆ ವರ್ಷ ಮುಗಿದು, ಮೇ 15ರೊಳಗೆ ಲೆಕ್ಕ ಸಿದ್ಧ, ಜುಲೈ 31ರೊಳಗೆ ಆಡಿಟ್, ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಮಹಾಸಭೆ ಮತ್ತು ರಿಜಿಸ್ಟ್ರಾರ್‌ಗೆ ವಾರ್ಷಿಕ ವಿವರಣೆ. ಮಹಾಸಭೆಗೆ 14 ಪೂರ್ಣ ದಿನಗಳ ನೋಟಿಸು. ನೋಟಿಸಿನ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ಎಣಿಸಿ. ಆಡಿಟ್ ವರದಿ ಬಂದ ಮೂರು ತಿಂಗಳೊಳಗೆ ಅದರ ಆಕ್ಷೇಪಗಳನ್ನು ಸರಿಪಡಿಸಿ ಓ ನಮೂನೆಯಲ್ಲಿ ಉತ್ತರ. ಕಂಟ್ರಾಕ್ಟರಿಗೆ ಒಂದೇ ಬಿಲ್ಲು 30,000 ಅಥವಾ ವರ್ಷದ ಒಟ್ಟು 1 ಲಕ್ಷ ಮೀರಿದರೆ ಟಿಡಿಎಸ್ ಹಿಡಿಯಲು ಮರೆಯಬೇಡಿ.

ಬಿಟ್ಟು ಹೋಗುವಾಗ

ರಾಜೀನಾಮೆ ಲಿಖಿತವಾಗಿ ಕೊಟ್ಟು, ಕಮಿಟಿ ಅಂಗೀಕರಿಸಿದ ಠರಾವಿನ ಪ್ರತಿ ಪಡೆಯಿರಿ. ಬ್ಯಾಂಕಿನ ಸಹಿದಾರರ ಪಟ್ಟಿಯಿಂದ ನಿಮ್ಮ ಹೆಸರು ತೆಗೆದದ್ದಕ್ಕೆ ಬ್ಯಾಂಕಿನ ಪತ್ರ ಬರುವ ತನಕ ಹಿಂಬಾಲಿಸಿ. ಇಲ್ಲದಿದ್ದರೆ ನೀವು ಹೊರಬಿದ್ದ ಮೇಲೂ ಚೆಕ್ಕುಗಳ ಮೇಲೆ ನಿಮ್ಮ ಹೆಸರು ಓಡಾಡುತ್ತದೆ. ನಿಮ್ಮ ಅವಧಿಯ ನಿರ್ಧಾರಗಳ ಹೊಣೆ ರಾಜೀನಾಮೆಯಿಂದ ತಪ್ಪುವುದಿಲ್ಲ. ಆದ್ದರಿಂದ ಬಿಟ್ಟು ಹೋಗುವ ಮೊದಲೇ ಆ ಅವಧಿಯ ಮಿನಿಟ್ಸ್, ಆಡಿಟ್ ವರದಿ, ಓ ನಮೂನೆ ಮತ್ತು ಹಸ್ತಾಂತರ ಪಟ್ಟಿಯ ಸಹಿಯಿರುವ ಪ್ರತಿಗಳನ್ನು ಕೇಳಿ ಪಡೆದು ಮನೆಯಲ್ಲಿಟ್ಟುಕೊಳ್ಳಿ.